ಹಿಂದಿನ ಸೀಟಿನಲ್ಲಿ ಕೂತ ಅಪರಾಧ

ಮಾನ್ಯ ಸಂಚಾರ ಅಧಿಕಾರಿಗಳೇ,

ಒಂದೇ ಸೈಕಲ್ ಮೇಲೆ ಇಬ್ಬರು ಕೂತಿದ್ದರೆಂಬ ಘೋರ ಅಪರಾಧಕ್ಕಾಗಿ ತಾವು ಗುಡ್ಡದ ನೆತ್ತಿಯಲ್ಲಿ ವಶಪಡಿಸಿಕೊಂಡ ನಮ್ಮ ಸೈಕಲ್ ಇಂದಿಗೂ ತಮ್ಮ ಠಾಣೆಯ ಹಿತ್ತಲಲ್ಲಿ ಬಿದ್ದಿದೆ. ಅದಕ್ಕೆ ಎರಡು ಸೀಟು, ಎರಡು ಹ್ಯಾಂಡಲ್, ಎರಡು ಜೊತೆ ಪೆಡಲ್. ಕಾರ್ಖಾನೆಯವರೇ ಇಬ್ಬರಿಗೆಂದು ಮಾಡಿದ್ದು. ಎರಡನೆಯ ಸೀಟನ್ನು ನಾವು ತರಕಾರಿ ಚೀಲ ಇಡಲು ಹಾಕಿಸಿಕೊಂಡೆವೆಂದು ತಾವು ಭಾವಿಸಿದಿರಾ?

ಹಿಂದಿನ ಸೀಟಿನಲ್ಲಿದ್ದವಳು ನನ್ನ ಅಕ್ಕ. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ವಾರವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಊರಿನವರ ಗೋಳನ್ನೆಲ್ಲ ಸರಿಯಾದ ವಾರ್ಡಿಗೆ ತಲುಪಿಸುತ್ತಾಳೆ. ಭಾನುವಾರ ಮಾತ್ರ ನಮ್ಮ ಸೈಕಲ್ ಕ್ಲಬ್ಬಿನ ಜೊತೆ ಗುಡ್ಡ ಹತ್ತುತ್ತಿದ್ದಳು. ನಮ್ಮಲ್ಲೊಂದು ಪದ್ಧತಿಯಿದೆ: ಮುಂದಿನವರು ಕಂಡದ್ದನ್ನು ಕೂಗಿ ಹಿಂದಿನವರಿಗೆ ದಾಟಿಸಬೇಕು. "ಎಡಕ್ಕೆ ಗುಂಡಿ!" "ಎದುರಿಗೆ ಲಾರಿ!" ಅಕ್ಕ ಸೇರಿದ ಮೇಲೆ ಈ ಕೂಗಾಟ ಹದ್ದುಮೀರಿತು. ಬೇಕರಿ ನಡೆಸುವ ನಮ್ಮ ಗೆಳೆಯರೊಬ್ಬರಂತೂ, "ಬಲಕ್ಕೆ ಸೂರ್ಯಕಾಂತಿ ಹೊಲ! ಬೇಲಿ ಹತ್ರ ಒಂದು ಹಸು, ನಿಮ್ಮನ್ನೇ ನೋಡ್ತಿದೆ ಅಕ್ಕಾ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. "ನಮಸ್ಕಾರ ಹೇಳಿ ಅದಕ್ಕೆ," ಎನ್ನುತ್ತಿದ್ದಳು ಅಕ್ಕ.

ಅವತ್ತು ಬೆಳಗಿನಿಂದ ಬರೀ ಏರು. ಅಕ್ಕ ಏದುಸಿರು ಬಿಡುತ್ತ ತುಳಿದಳು. ಯಾಕೆ ಗೊತ್ತೇ? ಇಳಿಜಾರಿಗಾಗಿ. ಓಡುವುದಿರಲಿ, ಗೊತ್ತಿಲ್ಲದ ದಾರಿಯಲ್ಲಿ ಬೀಸಾಗಿ ನಡೆಯಲೂ ಆಗದವಳಿಗೆ ವೇಗವೆಂದರೆ ಅದೊಂದೇ. ಮುಖಕ್ಕೆ ಗಾಳಿ ಬಡಿದಾಗ ಚಿಕ್ಕ ಹುಡುಗಿಯ ಹಾಗೆ ಕಿರುಚುತ್ತಿದ್ದಳು. ಸರಿಯಾಗಿ ಆ ಇಳಿಜಾರು ಶುರುವಾಗುವಲ್ಲಿ ತಮ್ಮ ಜೀಪು ನಿಂತಿತ್ತು.

"ಏನ್ರೀ, ಡಬ್ಬಲ್ ಹೋಗ್ತಿದೀರಾ?" ಎಂದಿರಿ. ವಿವರಿಸಿದೆ. "ಕಣ್ಣು ಕಾಣದೋರನ್ನ ರಸ್ತೆಗೆ ಕರ್ಕೊಂಡ್ ಬಂದಿದ್ದು ಇನ್ನೊಂದು ತಪ್ಪು," ಎಂದಿರಿ. ಅಕ್ಕ ಕೈಮುಗಿದಳು: "ಸಾರ್, ಇದೊಂದು ಇಳಿಜಾರು ಇಳ್ಕೊಂಡ್ ಬಿಡ್ತೀವಿ. ಕೆಳಗೆ ಸೈಕಲ್ ನಾವೇ ಒಪ್ಪಿಸ್ತೀವಿ." ತಮಗೆ ನಗು ಬಂತು. ಅವಳನ್ನು ಜೀಪಿನಲ್ಲಿ ಕೂರಿಸಿ, ಗಾಜು ಏರಿಸಿ, ಸುರಕ್ಷಿತವಾಗಿ ಕೆಳಗಿಳಿಸಿದಿರಿ. ಎಂಥ ಕಾಳಜಿ!

ಆಮೇಲೆ ತಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ. ನಿಯಮದಲ್ಲಿ ಇಂಥ ಸೈಕಲ್ಲಿನ ಹೆಸರೇ ಇಲ್ಲವೆಂದು ಗುಮಾಸ್ತರು ತಲೆ ಕೆರೆದುಕೊಂಡರು. ನಿಯಮದಲ್ಲಿ ಇಲ್ಲದ್ದನ್ನು ಹಿಡಿಯಬಹುದು, ಬಿಡಲು ಮಾತ್ರ ಬರುವುದಿಲ್ಲವೇ? ಪ್ರತಿ ಸಲವೂ ಒಂದೇ ಉತ್ತರ: "ಪರಿಶೀಲನೆಯಲ್ಲಿದೆ." ಕಳೆದ ವಾರ ಹಿತ್ತಲಲ್ಲಿ ಇಣುಕಿ ನೋಡಿದೆ. ಅದರ ಮೇಲೆ ನಜ್ಜುಗುಜ್ಜಾದ ಕಾರೊಂದನ್ನು ತಂದು ಹಾಕಿದ್ದೀರಿ. ಅದಿನ್ನು ಓಡುವುದಿಲ್ಲ. ಸಾಲ ಮಾಡಿ ಇನ್ನೊಂದು ಕೊಂಡರೂ ತಮ್ಮ ಜೀಪು ಅಲ್ಲೇ ಇರುತ್ತದೆ.

ಅಕ್ಕನಿಗೆ ಇದನ್ನು ಹೇಳಿಲ್ಲ. ಭಾನುವಾರ ಬಂತೆಂದರೆ ಅವಳು ಶೂ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಬಾಗಿಲ ಬಳಿ ಕೂರುತ್ತಾಳೆ. "ಪರಿಶೀಲನೆ ಅಂದ್ರೆ ಕೊಡಲ್ಲ ಅಂತ ಅಲ್ವಲ್ಲೋ. ಸಿಗಬಹುದು ಕಣೋ," ಎನ್ನುತ್ತಾಳೆ. ಹೌದಕ್ಕಾ ಎನ್ನುತ್ತೇನೆ.

ಆದ್ದರಿಂದ ಸೈಕಲ್ ಕೊಡಿ ಎಂದು ನಾನಿನ್ನು ಕೇಳುವುದಿಲ್ಲ. ಕೊಡುವುದಿಲ್ಲ ಎಂದು ಬರೆದುಕೊಡಿ, ಸಹಿ ಮೊಹರು ಸಮೇತ. ನಾನಾಗಿಯೇ ಹೇಳಲು ಬಾಯಿ ಬರುತ್ತಿಲ್ಲ. ತಾವು ಬರೆದದ್ದನ್ನು ಓದಿ ಹೇಳುತ್ತೇನೆ. ಅವಳು ಶೂ ಬಿಚ್ಚಿಡಲಿ.

ಇಂತಿ,
ಅಕ್ಕನಿಗೆ ಸುಳ್ಳು ಹೇಳಿ ಸಾಕಾಗಿರುವ
ಮುಂದಿನ ಸೀಟಿನವನು