ರಂಗದ ಮೇಲೊಂದು ಕಾರು

ಮಾರ್ಚ್ 3, ಸೋಮವಾರ

ಇವತ್ತೂ ರಿಹರ್ಸಲ್ ಅರ್ಧಕ್ಕೇ ನಿಂತಿತು. ಕರೆಂಟಿಲ್ಲ, ಜನರೇಟರ್‌ಗೆ ಪೆಟ್ರೋಲಿಲ್ಲ. ಇಬಾದಾನ್‌ನಲ್ಲಿ ಇದು ಹೊಸದಲ್ಲ. ತಲೆನೋವೆಂದರೆ ಜಿಬೋಲಾ. ನನ್ನ ನಾಟಕದಲ್ಲಿ ಅವನು ಅಕಾನಿ — ತಾಯಿಯ ಮನೆ ಮಾರಿ ಕಾರು ಕೊಳ್ಳುವ ಮಗ. ಕೊನೆಗೆ ಕಾರೂ ಹೋಗಿ, ಬೀದಿಯಲ್ಲಿ ಪಾತ್ರೆಪಗಡೆ ಹರಡಿಕೊಂಡು ಕೂತ ತಾಯಿಯ ಎದುರು ಬಂದು ನಿಲ್ಲಬೇಕು. ನಿಲ್ಲುತ್ತಾನೆ — ಸಿನಿಮಾ ಪೋಸ್ಟರಿನ ಹಾಗೆ.

"ನೀನು ದಿವಾಳಿ ಆಗಿದೀಯ ಕಣೋ!"

"ದಿವಾಳಿ ಆದ್ರೂ ನೋಡೋಕೆ ಚೆನ್ನಾಗಿರ್ಬೇಕಲ್ವಾ ಅಕ್ಕ? ಲೇಗೋಸ್‌ನಿಂದ ಟೀವಿಯೋರು ಬರ್ತಾರಂತೆ."

ಮಾರ್ಚ್ 6, ಗುರುವಾರ

ಕಾರು ವ್ಯಾಪಾರದ ಚೀಫ್ ಅಕಿನ್ಲಾಡೆ ಬಂದಿದ್ದರು. ಹಾಲ್, ವೇಷಭೂಷಣ ಎಲ್ಲದರ ಖರ್ಚೂ ಅವರದೇ ಅಂತೆ. ರಂಗದ ಮೇಲೆ ನಿಜವಾದ ಕಾರು ಬೇರೆ. ಒಂದೇ ಷರತ್ತು.

"ನನ್ ಕಾರು ತಗೊಂಡೋನು ಹಾಳಾಗೋದಾ ಮೇಡಂ? ಅಪಶಕುನ. ಹತ್ಲಿ, ಇಳೀಲಿ, ಕುಣೀಲಿ. ಪರದೆ ಬಿಡಿ."

"ಆಮೇಲೆ ಆ ತಾಯಿ ಗೋಳು?"

"ಗೋಳು ನೋಡೋಕೆ ಯಾರ್ರೀ ಟಿಕೆಟ್ ತಗೋತಾರೆ? ಮನೇಲೇ ಬೇಕಾದಷ್ಟಿದೆ."

ಸಾಧ್ಯವೇ ಇಲ್ಲ ಅಂದೆ.

ಮಾರ್ಚ್ 17, ಸೋಮವಾರ

ಚೀಫ್ ಷರತ್ತಿಗೆ ಆಗಲಿ ಅಂದೆ. ಕಾರಣ ಬರೆಯುವುದಕ್ಕೂ ಬೇಸರ. ಕೊನೆಯ ದೃಶ್ಯ ಕಿತ್ತುಹಾಕಿದ್ದಾಯಿತು. ಜಿಬೋಲಾ ಖುಷಿಗೆ ಶಿಳ್ಳೆ ಹೊಡೆದ. ತಾಯಿಯ ಪಾತ್ರದ ಅಸಾಬಿ ಅಮ್ಮ ಮಾತ್ರ ತಟ್ಟೆಯ ಅಮಲಾ ಮುದ್ದೆ ಉಂಡು, ಕೈತೊಳೆದು, ಹೊರಟೇಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 21, ಶುಕ್ರವಾರ

ಮೊದಲ ಪ್ರಯೋಗ. ಕಾಲಿಡಲು ಜಾಗವಿಲ್ಲ. ಕಾರು ಕಂಡಿದ್ದೇ ತಡ, ಶಿಳ್ಳೆಯೋ ಶಿಳ್ಳೆ. ಕುಣಿತ ಶುರುವಾದಾಗ ಜನ ರಂಗಕ್ಕೇ ಹತ್ತಿ ಜಿಬೋಲಾನ ಹಣೆಗೆ ನೈರಾ ನೋಟು ಅಂಟಿಸಿದರು. ಚೀಫ್ ನನ್ನ ಕೈಹಿಡಿದು ಮೇಲೆತ್ತಿದರು. ನನಗೂ ಹಿಗ್ಗು... ಅದಕ್ಕೇ ಇನ್ನಷ್ಟು ಸಿಟ್ಟು.

ಬಣ್ಣ ಒರೆಸಿಕೊಳ್ಳುತ್ತ ಅಸಾಬಿ ಅಮ್ಮ ಕೇಳಿದರು: "ಮೊರೆನಿಕೆ, ಈಗ ನಾನು ಎಲ್ಲಿದೀನಿ?"

"ಆ ದೃಶ್ಯ ಈಗ ಇಲ್ವಲ್ಲಮ್ಮ."

"ದೃಶ್ಯ ಬೇಡ. ನಾನು? ಮೂರನೇ ಅಂಕದಲ್ಲಿ ಮಡಕೆ ಹೊತ್ಕೊಂಡು ಮನೆಬಿಟ್ಟು ಹೋದೋಳು. ಎಲ್ಲಿಗೆ ಹೋದೆ ಅಂತ ಅಷ್ಟು ಜನದಲ್ಲಿ ಒಬ್ರಾದ್ರೂ ಕೇಳಿದ್ರಾ?"

ಬರೆದವಳು ನಾನು. ನಾನೇ ಕೇಳಿರಲಿಲ್ಲ.

ಮಾರ್ಚ್ 22, ಶನಿವಾರ, ಸಂಜೆ

ಸೈಡ್ ವಿಂಗಿನ ಮರೆಯಲ್ಲಿ ನಿಂತೇ ಗೀಚುತ್ತಿದ್ದೇನೆ. ಕೊನೆಯ ಕುಣಿತಕ್ಕೆ ಕಾರು ತಂದಿಟ್ಟಿದ್ದಾರೆ, ಪರದೆ ಇನ್ನೂ ಎದ್ದಿಲ್ಲ. ಕಾರಿನ ಮುಂದೆ, ನಟ್ಟನಡುವೆ, ಅಸಾಬಿ ಅಮ್ಮ ಮಡಕೆಗಳ ಸಮೇತ ಕೂತಿದ್ದಾರೆ.

ಜಿಬೋಲಾ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ. "ಅಕ್ಕ, ಅವರನ್ನ ಎಬ್ಬಿಸಿ! ನಾನೆಲ್ಲಿ ಕುಣೀಲಿ?"

"ಹೋಗೋಕೆ ಮನೆ ಎಲ್ಲಪ್ಪಾ? ನೀನೇ ಮಾರಿದ್ಯಲ್ಲ," ಅಂದರು ಅಮ್ಮ. "ನನ್ನ ಸುತ್ತು ಹಾಕ್ಕೊಂಡ್ ಕುಣಿ."

ಪರದೆಯ ಹಗ್ಗ ಹಿಡಿದವನು ನನ್ನನ್ನೇ ನೋಡುತ್ತಿದ್ದ. ಎಬ್ಬಿಸಬೇಕು. ಎಬ್ಬಿಸಲಿಲ್ಲ. ಪರದೆ ಎತ್ತು ಅಂದೆ.

ಡೋಲು ಬಾರಿಸಿದರು. ಜಿಬೋಲಾ ಇಳಿದ. ಎರಡು ಹೆಜ್ಜೆ ಹಾಕಿದ, ನಿಂತ. ಅಮ್ಮ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಾರೆ. ಈಗ ಯಾವ ಮಾತು ಆಡಬೇಕೆಂದು ಅವನಿಗೆ ಗೊತ್ತಿಲ್ಲ. ನಾನೂ ಬರೆದಿಲ್ಲ. ಡೋಲು ನಿಂತಿತು.

ಮುಂದಿನ ಸಾಲಿನಲ್ಲಿ ಚೀಫ್ ದಿಗ್ಗನೆದ್ದರು. ಹಿಂದಿನಿಂದ ಯಾರೋ ಹೆಂಗಸು ಕೂಗಿದಳು: "ಯಜಮಾನ್ರೇ, ಕೂತ್ಕೊಳ್ಳಿ! ತಾಯಿ ಕಾಣಿಸ್ತಿಲ್ಲ!"

ಚೀಫ್ ಹಿಂತಿರುಗಿ ಅವಳನ್ನು ನೋಡಿದರು, ಮತ್ತೆ ಕೂತರು.