ತಪ್ಪು ಪೈಪಿಗೆ ಸುತ್ತಿದ ಕಂಬಳಿ

ಅಮ್ಮಾನ್
ಜನವರಿ ೧೦, ಮಧ್ಯಾಹ್ನ

ಪ್ರೀತಿಯ ಸಮೀಹಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಅಕಾಬಾದ ಕಡಲ ಬಿಸಿಲು ಅದಕ್ಕೆ ಒಗ್ಗಿರಬೇಕು. ಮಗಳು ರುಬಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಇದು ಸುಳ್ಳು, ಆದರೂ ಕಾಗದದಲ್ಲಿ ಹೀಗೇ ಬರೆಯಬೇಕಲ್ಲ.

ನಾಳೆ ಹಿಮ ಬೀಳುತ್ತದೆಂದು ರೇಡಿಯೊ ಹೇಳಿದೆ. ನಾಲ್ಕು ವರ್ಷದ ಮೇಲೆ ಬರುತ್ತಿರುವ ಹಿಮ. ಊರಿಗೆ ಊರೇ ಕನಸಿನಲ್ಲಿ ನಡೆಯುವವರ ಹಾಗೆ ಓಡಾಡುತ್ತಿದೆ. ಆಕಾಶ ಹಾಲಿನ ಬಣ್ಣಕ್ಕೆ ತಿರುಗಿದೆ. ಸಿಲಿಂಡರ್ ಮಾರುವ ಗ್ಯಾಸ್ ಗಾಡಿಯ ಸಂಗೀತ ಯಾವ ಬೆಟ್ಟದಿಂದ ತೇಲಿ ಬರುತ್ತಿದೆಯೋ ತಿಳಿಯದು. ಶಾಲೆಗಳಿಗೆ ರಜೆ. ನಮ್ಮ ಏರುರಸ್ತೆಯ ತುದಿಗೆ ನಗರಸಭೆಯವರು ಬುಲ್ಡೋಜರ್ ತಂದು ನಿಲ್ಲಿಸಿದ್ದಾರೆ. ಬೇಕರಿಯ ಸಾಲು ಮಸೀದಿಯನ್ನೂ ದಾಟಿದೆ. ನಾನೂ ನಿಂತೆ. ಐದು ಕಿಲೋ ರೊಟ್ಟಿ ತಂದೆ, ಒಲೆಗೆ ಸೀಮೆಎಣ್ಣೆ ತುಂಬಿಸಿದೆ. ಒಬ್ಬನಿಗೆ ಐದು ಕಿಲೋ ಯಾಕೆಂದು ಕೇಳಬೇಡ. ನೀನು ಹೇಳಿ ತರಿಸುತ್ತಿದ್ದುದು ಅಷ್ಟೇ, ಬಾಯಿಗೆ ಅದೇ ಬಂತು.

ಆಮೇಲೆ ಮಾಳಿಗೆ ಹತ್ತಿದೆ. ನೀರು ಹೆಪ್ಪುಗಟ್ಟಿ ಪೈಪು ಒಡೆಯದಿರಲೆಂದು ನೀನು ಹಳೆಬಟ್ಟೆ ಸುತ್ತುತ್ತಿದ್ದೆಯಲ್ಲ, ಹಾಗೇ ನಮ್ಮ ಕಂದು ಕಂಬಳಿ ಹರಿದು ಒಂದು ಗಂಟೆ ಕೂತು ಸುತ್ತಿದೆ. ಪಕ್ಕದ ಮನೆಯ ಉಮ್ ತಾರಿಕ್ ಮೇಲೆ ಬಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು: “ಅಯ್ಯೋ ರುಬಾನ ಅಪ್ಪಾ, ನೀವು ಸುತ್ತಿರೋದು ನಮ್ಮ ಪೈಪಿಗೆ! ನಿಮ್ದು ಆ ಮೂಲೇಲಿದೆ ನೋಡಿ. ಸಮೀಹಾ ಕೇಳಿದ್ರೆ ಏನಂತಾಳೋ!” ಮೂವತ್ತೊಂದು ವರ್ಷ ಈ ಮನೆಯ ನೀರು ಕುಡಿದಿದ್ದೇನೆ, ಅದು ಯಾವ ಪೈಪಿನಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ. ನನಗೆ ನಗು ಬರಲಿಲ್ಲ.

ಕಳೆದ ತಿಂಗಳು, ಬರುತ್ತದೆಂದು ಹೇಳಿ ಬಾರದೇ ಹೋದ ಹಿಮಕ್ಕೆ ನೀನು ಮನೆತುಂಬ ಸಾಮಾನು ತರಿಸಿದ್ದೆ. ನೆಂಟರ ಮುಂದೆ ನಾನು, “ಒಂದು ಮೋಡ ಕಂಡ್ರೆ ಸಾಕು, ಇವಳು ಬೇಕರೀನೇ ಹೊತ್ಕೊಂಡು ಬರ್ತಾಳೆ” ಅಂದೆ. ಎಲ್ಲರೂ ನಕ್ಕರು. ನೀನು ಕಾಫಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಮರುದಿನ ಮಗಳ ಮನೆಗೆ. ತಪ್ಪು ನನ್ನದು, ಸಮೀಹಾ. ಹಿಮ ಬಿದ್ದರೆ ಅಕಾಬಾಕ್ಕೆ ಬರುವ ಮರುಭೂಮಿಯ ದಾರಿ ಮುಚ್ಚಿಬಿಡುತ್ತದೆ, ಎಷ್ಟು ದಿನವೋ. ಅದಕ್ಕೆ ಮೊದಲೇ ಈ ಮಾತು ನಿನಗೆ ಮುಟ್ಟಬೇಕು.

ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ
ಫವ್ವಾಝ್

ಮತ್ತೊಂದು ಮಾತು, ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ: ಕಾಗದ ಕೊಟ್ಟು ಕಳಿಸೋಣವೆಂದು ಟ್ಯಾಕ್ಸಿ ನಿಲ್ದಾಣಕ್ಕೆ ಬಂದರೆ ಡ್ರೈವರ್ ಮಿಶಾಲ್, “ಒಂದು ಸೀಟು ಖಾಲಿ ಇದೆ ದೊಡ್ಡಪ್ಪ, ಅಕಾಬಾಕ್ಕೆ ಇದೇ ಕೊನೇ ಗಾಡಿ” ಅಂದ. ಓಡಿಹೋಗಿ ಬೀಗದಕೈ, ರೊಟ್ಟಿ ಎಲ್ಲ ಉಮ್ ತಾರಿಕ್ ಕೈಗೆ ಹಾಕಿ ಬಂದೆ. ಇದನ್ನು ಬಾಗಿಲ ಸಂದಿಯಲ್ಲಿ ತೂರಿಸಿದವನು ನಾನೇ. ಪೂರ್ತಿ ಓದು. ಆಮೇಲೆ, ಮನಸ್ಸಾದರೆ, ಬಾಗಿಲು ತೆಗೆ.