ಕೆಂಪು ದಾರದ ಪಂಚಾಂಗ

ವಡೋದರಾ
ಚೈತ್ರ ಶುದ್ಧ ಪಂಚಮಿ, ಬುಧವಾರ
೨ ಏಪ್ರಿಲ್ ೨೦೨೫

ಪ್ರೀತಿಯ ಜಯಕ್ಕನಿಗೆ, ನಿನ್ನ ನಳಿನಿಯ ನಮಸ್ಕಾರಗಳು.

ನೀನು ಹಾಸನದಿಂದ ಕಳಿಸಿದ ಪಂಚಾಂಗ ಹೋಳಿಯ ಮರುದಿನವೇ ಬಂತು. ಎಂದಿನಂತೆ ಮೂಲೆಯಲ್ಲಿ ತೂತು ಮಾಡಿ, ಮೊಳೆಗೆ ನೇತುಹಾಕಲು ಕೆಂಪು ದಾರ ಪೋಣಿಸಿದ್ದೀಯ. ಮೂವತ್ತೊಂದು ವರ್ಷದಲ್ಲಿ ನೀನು ಒಮ್ಮೆಯೂ ಮರೆತಿಲ್ಲ. ಹಬ್ಬದ ಕಥೆಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇವರ ಕಿವಿ ಬಲು ಚುರುಕು. ಕಾಗದವಾದರೆ ಇವರ ಎದುರಿಗೇ ಕೂತು ಬರೆಯಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕನ್ನಡ ಸಂಘಕ್ಕೆ ಈ ವರ್ಷ ಮಹೇಶ್ ಅಂತ ಹೊಸ ಕಾರ್ಯದರ್ಶಿ. ಬ್ಯಾಂಕಿನವರು, ಸೂರತ್‌ನಿಂದ ವರ್ಗವಾಗಿ ಬಂದವರು. ಒಳ್ಳೆಯ ಹುಡುಗ, ಐವತ್ತೆರಡು ವಯಸ್ಸು. ಹಿರಿಯರೂ ಹಬ್ಬದಲ್ಲಿ ಪಾಲ್ಗೊಳ್ಳಬೇಕು ಅಂತ ಒಂದು ಸಮಿತಿ ಮಾಡಿದರು. ಎಪ್ಪತ್ತು ದಾಟಿದವರಿಗೆಲ್ಲ ಕಾರು, ಎದೆಗೆ ಗುಲಾಬಿ ರಿಬ್ಬನ್ನು, ಮುಂದಿನ ಸಾಲಿನಲ್ಲಿ ದಿಂಬಿಟ್ಟ ಕುರ್ಚಿ. ಬೇವಿನ ಹೂ ಗಂಟಲಿಗೆ ಸಿಕ್ಕಿಕೊಂಡೀತು ಅಂತ ಬೇವು-ಬೆಲ್ಲವನ್ನು ಮಿಕ್ಸಿಗೆ ಹಾಕಿ, ಸೋಸಿ, ಲೋಟಕ್ಕೆ ಸ್ಟ್ರಾ ಇಟ್ಟು ಕೊಡುವುದಂತೆ! ನನಗೂ ಮೊನ್ನೆ ಜನವರಿಯಲ್ಲಿ ಎಪ್ಪತ್ತಾಯಿತಲ್ಲ, ನಾನೂ ಆ ಪಟ್ಟಿಯಲ್ಲಿ. ಹೋದ ವರ್ಷದವರೆಗೆ ನಾನೇ ಇನ್ನೂರು ಜನರಿಗೆ ಬೇವು-ಬೆಲ್ಲ ಹಂಚಿದವಳು.

ಅದನ್ನೆಲ್ಲ ನಕ್ಕು ಬಿಡಬಹುದಿತ್ತು. ಆದರೆ ಪಂಚಾಂಗ ಶ್ರವಣವನ್ನೂ ಅವರು ಬಿಡಲಿಲ್ಲ. ಯುಗಾದಿಯ ದಿನ ಸಂಘದಲ್ಲಿ ಪಂಚಾಂಗ ಓದುವುದು ಇವರೇ ಅಂತ ನಿನಗೆ ಗೊತ್ತು. ರೈಲ್ವೆಯಲ್ಲಿದ್ದಾಗ ಡ್ಯೂಟಿ ಬದಲಿಸಿಕೊಂಡಾದರೂ ಹೋಗಿ ಓದುತ್ತಿದ್ದರು. ಈ ಸಲ ಮಹೇಶ್ ಮನೆಗೆ ಬಂದು, ಯಜಮಾನರು ಆರಾಮವಾಗಿ ಕೂತಿರಲಿ, ಶಾಲು ಹೊದಿಸುತ್ತೇವೆ, ಪಂಚಾಂಗವನ್ನು ಪರದೆಯ ಮೇಲೆ ತೋರಿಸುತ್ತೇವೆ ಅಂದರು. ಮಹೇಶ್ ಹೋದ ಮೇಲೆ ಇವರು, ಶಾಲು ಹೊದಿಸುವುದು ಎರಡೇ ಸಂದರ್ಭದಲ್ಲಿ, ಎರಡನೆಯದಕ್ಕೆ ನಾನಿನ್ನೂ ತಯಾರಿಲ್ಲ ಅಂದವರೇ ಊಟ ಬೇಡವೆಂದು ಮಲಗಿಬಿಟ್ಟರು.

ನನಗೆ ಉರಿದುಹೋಯಿತು. ಮರುದಿನ ಮಹೇಶ್‌ಗೆ ಫೋನು ಮಾಡಿ, ಇವರು ಓದದಿದ್ದರೆ ಈ ಸಲ ಒಬ್ಬಟ್ಟಿನ ಹೂರಣ ರುಬ್ಬಿಸಲು ಬೇರೆಯವರನ್ನು ನೋಡಿಕೊಳ್ಳಿ ಅಂದೆ. ಪರದೆ ಇದ್ದರೂ ಹಬ್ಬ ಆದೀತು, ಒಬ್ಬಟ್ಟಿಲ್ಲದೆ ಆದೀತೇ? ಒಪ್ಪಿದರು. ಆದರೆ ಒಂದು ಷರತ್ತು. ಇವರು ಒಂದು ಕಡೆ ತಡವರಿಸಿದರೂ ಪರದೆ ಬೆಳಗುತ್ತದೆ, ಮುಂದಿನ ವರ್ಷದಿಂದ ಪರದೆಯೇ ಖಾಯಂ.

ಈಗ ಗುಟ್ಟು ಕೇಳು. ಇವರಿಗೆ ಕಣ್ಣು ಕಾಣುವುದಿಲ್ಲ, ಜಯಕ್ಕ. ಮನುಷ್ಯರು ನೆರಳಿನ ಹಾಗೆ ಕಾಣುತ್ತಾರಂತೆ, ಅಕ್ಷರ ಮಾತ್ರ ಪೂರ್ತಿ ಹೋಗಿದೆ. ನನಗೆ ಹೇಳಿದವರು ಇವರಲ್ಲ. ಕಟಿಂಗ್‌ಗೆ ಹೋಗುತ್ತೇನೆ ಅಂತ ತಿಂಗಳಿಗೆ ಮೂರು ಸಲ ಅಲ್ಕಾಪುರಿ ಕಡೆಗೆ ಹೋಗುತ್ತಿದ್ದರು. ತಲೆಯ ಮೇಲೆ ಇರುವುದೇ ಹನ್ನೆರಡು ಕೂದಲು! ಅನುಮಾನ ಬಂದು ಶೇವಿಂಗ್ ಡಬ್ಬಿ ತೆಗೆದು ನೋಡಿದರೆ ಕಣ್ಣಿನ ಹನಿಗಳು, ಡಾಕ್ಟರ ಚೀಟಿ. ಡಾಕ್ಟರಿಗೇ ಫೋನು ಮಾಡಿದೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಂದರು. ಅಡುಗೆಮನೆಯಲ್ಲಿ ನಿಂತು ಅತ್ತೆ. ಆಮೇಲೆ ಚೀಟಿಯನ್ನು ಮಡಿಸಿ ಇದ್ದ ಜಾಗದಲ್ಲೇ ಇಟ್ಟೆ. ಮಗ ಪ್ರಶಾಂತನಿಗೂ ಹೇಳಿಲ್ಲ, ಸೊಸೆ ಮನಸ್ವಿನಿಗೂ ಹೇಳಿಲ್ಲ. ಇವರಾಗಿಯೇ ಹೇಳಲಿ ಅಂತ ಕಾಯುತ್ತಿದ್ದೇನೆ.

ಆದರೂ ಇವರ ಜಂಬ ನೋಡು. ನಿನ್ನ ಪಂಚಾಂಗ ಬಂದ ದಿನವೇ, ನಳಿನಿ, ಗುಜರಾತಿನಲ್ಲಿದ್ದು ನಿನ್ನ ಉಚ್ಚಾರ ಕೆಟ್ಟುಹೋಗಿದೆ, ದಿನಾ ಮಧ್ಯಾಹ್ನ ಗಟ್ಟಿಯಾಗಿ ಓದು, ನಾನು ತಿದ್ದುತ್ತೇನೆ ಅಂದರು. ನಾನೂ ತೆಪ್ಪಗೆ ಓದಿದೆ. ಬಾಲ್ಕನಿಯ ಉಯ್ಯಾಲೆಯಲ್ಲಿ ಕೂತು ಹದಿನಾಲ್ಕು ದಿನ ಕೇಳಿದರು. ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಯಾವ ರಾಶಿಗೆ ರಾಜಪೂಜ್ಯ ಎಷ್ಟು, ಅವಮಾನ ಎಷ್ಟು, ಎಲ್ಲವೂ ಬಾಯಿಪಾಠ. ನಡುನಡುವೆ ನನ್ನ ಮಹಾಪ್ರಾಣಗಳಿಗೆ ಬೈಗುಳ ಬೇರೆ.

ಹಬ್ಬದ ದಿನ ಕೆಳಗೆ ಸಮಿತಿಯ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ಗಡಿಬಿಡಿಯಲ್ಲಿ ದೇವರ ಗೂಡಿನ ಪಕ್ಕದ ಹಳದಿ ರಟ್ಟಿನ ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇವರ ಚೀಲಕ್ಕೆ ಹಾಕಿದೆ. ಸಭಾಂಗಣದಲ್ಲಿ ಇಬ್ಬರು ನನ್ನ ರಟ್ಟೆ ಹಿಡಿದು ಮೂರೇ ಮೆಟ್ಟಿಲು ಹತ್ತಿಸಿದರು. ಮೊಮ್ಮಗಳು ಸಿಂಚನಾ ಅಜ್ಜನ ಸಹಾಯಕಿ, ಮೈಕ್ ಹಿಡಿದು ಪಕ್ಕದಲ್ಲಿ ನಿಂತಳು. ಮಹೇಶ್ ಪರದೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. ಇವರು ಬಟ್ಟೆ ಬಿಚ್ಚಿ, ಪುಸ್ತಕಕ್ಕೆ ಕೈಮುಗಿದು, ಯಾಕೋ ಅದರ ಮೂಲೆಯನ್ನು ಎರಡು ಸಲ ಸವರಿದರು. ಆಮೇಲೆ ಶುರು ಮಾಡಿದರು ನೋಡು, ಮುಕ್ಕಾಲು ಗಂಟೆ ಎಲ್ಲೂ ನಿಲ್ಲಲಿಲ್ಲ! ಹಾಳೆ ತಿರುಗಿಸುವುದೇನು, ಸಾಲಿನ ಮೇಲೆ ಬೆರಳಾಡಿಸುವುದೇನು, ಕನ್ನಡಕ ಒರೆಸಿಕೊಳ್ಳುವುದೇನು!

ಕೊನೆಗೆ ಮಹೇಶ್‌ಗೂ ಆಸೆಯಾಯಿತು. ತಮ್ಮದು ಕನ್ಯಾರಾಶಿ, ಹೇಗಿದೆ ಅಂತ ಕೇಳಿದರು. ಇವರು ಎರಡು ಹಾಳೆ ಹಿಂದಕ್ಕೆ ತಿರುಗಿಸಿ, ಕಣ್ಣು ಕಿರಿದು ಮಾಡಿ, ರಾಜಪೂಜ್ಯ ಒಂದು, ಅವಮಾನ ಏಳು ಅಂದುಬಿಟ್ಟರು. ಸಭೆ ಗೊಳ್ಳೆಂದಿತು. ನಾನು ಓದಿ ಹೇಳಿದ್ದು ಅದಲ್ಲವೇ ಅಲ್ಲ, ಅಕ್ಕ! ಪಾಪ, ಮಹೇಶ್ ಪರಿಹಾರ ಕೇಳಿದರು. ಹಿರಿಯರ ಕೈಯಿಂದ ಎಲ್ಲರಿಗೂ ಬೇವು-ಬೆಲ್ಲ ಹಂಚಿಸಿದರೆ ದೋಷ ಪರಿಹಾರ ಅಂದರು ಇವರು. ಆ ಮನುಷ್ಯ ಅಲ್ಲೇ ಸ್ಟ್ರಾಗಳನ್ನೆಲ್ಲ ಎತ್ತಿಸಿದರು. ಎಂಬತ್ತೈದರ ರಘುರಾಮರಾಯರು ತಟ್ಟೆ ಹಿಡಿದು ಸಾಲು ಸಾಲಿಗೂ ನಡೆದರು. ನಾನಂತೂ ರಿಬ್ಬನ್ನು ಕಿತ್ತು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಆ ಸಂಭ್ರಮ ನೀನು ನೋಡಬೇಕಿತ್ತು.

ಹಿಂತಿರುಗುವಾಗ ಕಾರಿನಲ್ಲಿ ಸಿಂಚನಾ ನನ್ನ ಕಿವಿಯಲ್ಲಿ ತನ್ನ ಅರ್ಧ ಕನ್ನಡ, ಅರ್ಧ ಗುಜರಾತಿಯಲ್ಲಿ ಕೇಳಿದಳು: ಅಜ್ಜಿ, ಪಂಚಾಂಗದಲ್ಲಿ ಕುಕ್ಕರಿನ ಫೋಟೋ ಯಾಕಿದೆ? ಹೂರಣದ ಬೇಳೆಗೆಂದು ಹೋದ ವಾರ ದೊಡ್ಡ ಕುಕ್ಕರ್ ಕೊಂಡಿದ್ದೆವು. ಅದರ ಜೊತೆ ಬಂದು ದೇವರ ಗೂಡಿನ ಪಕ್ಕ ಸೇರಿದ್ದ ಪುಸ್ತಕಕ್ಕೂ ನಿನ್ನ ಪಂಚಾಂಗದ ಹಾಗೇ ಹಳದಿ ರಟ್ಟು! ಅವಳಿಗೆ ಕನ್ನಡ ಓದಲು ಬಾರದಿದ್ದರೂ ಚಿತ್ರ ಗೊತ್ತಾಗುತ್ತದಲ್ಲ. ಆದರೂ ಮುಕ್ಕಾಲು ಗಂಟೆ ಮೈಕ್ ಅಲ್ಲಾಡಿಸದೆ ನಿಂತಿದ್ದಾಳೆ, ಯಾರಿಗೂ ಕಾಣದಂತೆ ತನ್ನ ದುಪಟ್ಟಾ ಅಡ್ಡ ಹಿಡಿದಿದ್ದಾಳೆ. ಹದಿನೈದರ ಹುಡುಗಿಗೆ ಎಲ್ಲವೂ ಅರ್ಥವಾಗಿತ್ತು. ಅವಳ ಕೈಯನ್ನು ಮನೆ ಬರುವವರೆಗೂ ಬಿಡಲಿಲ್ಲ.

ಕುಕ್ಕರ್ ಪುಸ್ತಕವನ್ನು ಸದ್ದಿಲ್ಲದೆ ಅದರ ಪೆಟ್ಟಿಗೆಗೆ ಸೇರಿಸಿ, ನಿನ್ನ ಪಂಚಾಂಗವನ್ನು ಮೊಳೆಗೆ ನೇತುಹಾಕಿದ್ದೇನೆ. ಇವರಿಗೆ ಏನೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಇದೀಗ ಎದುರಿಗೇ ಕೂತು, ಯಾರಿಗೆ ಬರೆಯುತ್ತಿದ್ದೀ ಅಂತ ಕೇಳಿದರು. ಜಯಕ್ಕನಿಗೆ, ಹಬ್ಬ ಚೆನ್ನಾಗಾಯಿತು ಅಂತ ಅಂದೆ.

ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ,
ನಳಿನಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಇವರು ಮತ್ತೆ ಮಾತು ತೆಗೆದರು. ಜಯಕ್ಕನಿಗೆ ಇನ್ನೊಂದು ವಿಷಯ ಬರಿ, ಆಕೆ ಪೋಣಿಸಿದ ದಾರ ಭಾನುವಾರ ಕೈಗೆ ಸಿಗಲಿಲ್ಲ, ಬಟ್ಟೆ ಬಿಚ್ಚಿದ ಕೂಡಲೇ ಹುಡುಕಿದೆ, ಮುಂದಿನ ಸಲವಾದರೂ ಸರಿಯಾದ ಪುಸ್ತಕ ಇಡಲು ನಿನ್ನ ತಂಗಿಗೆ ಹೇಳು ಅಂತ ಬರಿ ಅಂದರು. ನಾನು ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಅಷ್ಟರಲ್ಲಿ ಇವರೇ, ಶೇವಿಂಗ್ ಡಬ್ಬಿಯಲ್ಲಿ ಚೀಟಿಯನ್ನು ಮಡಿಸಿಡುವವರು ನಾಲ್ಕು ಮಡಿಕೆ ಮಾಡಬೇಕು, ಮೂರಲ್ಲ ಅಂದರು. ಆಮೇಲೆ ಸಿಂಚನಾಳನ್ನು ಕೂಗಿ, ನಾಳೆಯಿಂದ ಮಧ್ಯಾಹ್ನ ಬಂದು ಕನ್ನಡ ಓದಲು ಕಲಿಯಬೇಕು ಅಂದಿದ್ದಾರೆ. ನಿಮ್ಮಜ್ಜಿಯ ಉಚ್ಚಾರ ಇನ್ನು ಸುಧಾರಿಸುವ ಹಾಗೆ ಕಾಣುವುದಿಲ್ಲವಂತೆ.